ತಗಡಿನ ಸೂರು ಕಂಡು ಮುಖ ಸಿಂಡರಿಸಬೇಡಿ

ನೇಪಾಳದ ಬಾರ್ಪಾಕ್‌ಗೆ ಹೋಗಿ ಬಂದವರು ನನಗೆ ಫೋಟೊ ಕಳಿಸುತ್ತಾರೆ. ಕಟ್ಟಡದ ಎಂಜಿನಿಯರ್ ಅಲ್ವಾ, ಏನಾದರೂ ಹೇಳಲಿ ಅಂತ. ಜೊತೆಗೆ ಅದೇ ಮಾತು: "ಹಳೇ ಕಲ್ಲಿನ ಮನೆಗಳು ಎಷ್ಟು ಚೆನ್ನಾಗಿದ್ದವು! ಈಗ ಬರೀ ತಗಡು, ಸಿಮೆಂಟು." ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಈ ಊರಿನ ಹತ್ತಿರವೇ ಇತ್ತು. ತೀವ್ರತೆ 7.8. ಆ ಚೆಂದದ ಮನೆಗಳೇ ಜನರ ಮೇಲೆ ಬಿದ್ದವು.

ಅಷ್ಟು ದಪ್ಪದ ಗೋಡೆ ಬೀಳುತ್ತಾ ಅಂತ ಕೇಳುತ್ತೀರಿ. ಬೀಳುತ್ತದೆ. ಅದನ್ನು ಅಡ್ಡ ಸೀಳಿ ನೋಡಿದರೆ ಒಂದು ಗೋಡೆಯೇ ಅಲ್ಲ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಮಣ್ಣು, ಚೂರುಕಲ್ಲು. ನೆಲ ಅಲುಗಿದಾಗ ಎರಡೂ ಸಾಲು ಹೊಟ್ಟೆ ಉಬ್ಬಿ ಬಿರಿಯುತ್ತವೆ. ಮೂಲೆ ಬಿಟ್ಟುಕೊಳ್ಳುತ್ತದೆ. ಮೇಲೆ ಚಪ್ಪಡಿಕಲ್ಲಿನ ಸೂರಿನ ಭಾರ ಬೇರೆ. ತಗಡು ಹಾಕಿದ್ದು ಹಗುರ ಅಂತ.

ಕಲ್ಲು ಮಣ್ಣಲ್ಲೇ ಮನೆ ಕಟ್ಟಬಹುದು, ಅದನ್ನು ಯಾರೂ ಬೇಡ ಅನ್ನುವುದಿಲ್ಲ. ಆದರೆ ಗೋಡೆಯ ಎರಡೂ ಮುಖ ಮುಟ್ಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಅಡ್ಡ ಇಡಬೇಕು. ಪಾಯದ ಮೇಲೆ, ಬಾಗಿಲು ಕಿಟಕಿ ಮೇಲೆ, ಸೂರಿನ ಕೆಳಗೆ ಮನೆ ಸುತ್ತ ಸರಳು ಹಾಕಿದ ಕಾಂಕ್ರೀಟಿನದೋ ಮರದ್ದೋ ಪಟ್ಟಿ ಬರಬೇಕು. ಆಗ ನಾಲ್ಕೂ ಗೋಡೆ ಒಟ್ಟಿಗೆ ಅಲುಗುತ್ತವೆ. ಅಲ್ಲಿಗೆ ಹೋದರೆ ಆ ಪಟ್ಟಿ ಹುಡುಕಿ ನೋಡಿ.

ಹಾಗಂತ ಪಟ್ಟಿ ಇದ್ದ ಮನೆಗೆ ಏನೂ ಆಗಲ್ಲ ಅಂತ ನಾನು ಬರೆದುಕೊಡಲಾರೆ. ಅದೇ ದಿನ ನೇಪಾಳದ ಲಾಂಗ್‌ಟಾಂಗ್ ಅನ್ನೋ ಇನ್ನೊಂದು ಹಳ್ಳಿ, ಬೆಟ್ಟದ ಮೇಲಿಂದ ಕುಸಿದ ಹಿಮ, ಬಂಡೆಗಳಡಿ ಹೂತುಹೋಯಿತು. ಅಲ್ಲಿ ಯಾವ ಗೋಡೆಯೂ ನಿಲ್ಲುತ್ತಿರಲಿಲ್ಲ. ಆಮೇಲೆ ಉಳಿದವರು ಊರನ್ನೇ ಸ್ವಲ್ಪ ಮೇಲಕ್ಕೆ ಕಟ್ಟಿಕೊಂಡರು.

ಬಾರ್ಪಾಕ್‌ನಲ್ಲಿ ಒಬ್ಬ ಅಜ್ಜಿ ನನಗೆ ಮನೆ ತೋರಿಸಿದರು. ಭೂಕಂಪದಲ್ಲಿ ಬಿದ್ದ ಮನೆ ಮತ್ತೆ ಕಟ್ಟಲು ಸರ್ಕಾರ ಮನೆಗೆ 3 ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತಿತ್ತು. ಪಾಯ ಸರಿಯಿದೆ ಅಂತ ಎಂಜಿನಿಯರ್ ಒಪ್ಪಿದ ಮೇಲೇ ಎರಡನೇ ಕಂತು. ಅಜ್ಜಿ ಕಿಟಕಿ ಮೇಲಿನ ಪಟ್ಟಿ ಮೇಲೆ ಕೈಯಾಡಿಸಿ, ಸರಳಿಗೆ ತಂತಿ ಸುತ್ತಿದ್ದು ತಾನೇ ಅಂದರು. ಮೂಲೆಯಲ್ಲಿ ಸರಳು ಹೇಗೆ ಬಗ್ಗಿ ಪಕ್ಕದ ಗೋಡೆಗೆ ಹಾದಿದೆ ಅಂತ ಬೆರಳಲ್ಲೇ ಗೀಚಿ ತೋರಿಸಿದರು. ಎಷ್ಟೋ ಮೇಸ್ತ್ರಿಗಳಿಗೆ ನಾನು ಗಂಟೆಗಟ್ಟಲೆ ವಿವರಿಸುವುದು ಆ ಮೂಲೆಯನ್ನೇ!

ಹೊರಡುವಾಗ ಒಂದು ಫೋಟೊ ತೆಗೀಲಾ ಅಂತ ಕೇಳಿದೆ. ಅಜ್ಜಿ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು, ತಗಡಿನ ಸೂರು ಪೂರ್ತಿ ಕಾಣಲಿ ಅಂತ.