ಆಕರವಿಲ್ಲದ ಶೈಲಿ: ಅಳಿಸೋದಾ, ಉಳಿಸೋದಾ?

ಗೋವಾದ ಡಿಚೋಲಿಯಲ್ಲಿ 1640-41ರಲ್ಲಿ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ಯುದ್ಧ ನಡೆಯಿತು ಎಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಉದ್ದನೆಯ ಲೇಖನವಿತ್ತು. 2007ರಲ್ಲಿ ಬರೆದದ್ದು. ಅದೇ ವರ್ಷ ‘ಉತ್ತಮ ಲೇಖನ’ ಎಂಬ ಗುರುತೂ ಸಿಕ್ಕಿತು. 2012ರ ಕೊನೆಗೆ ಅಡಿಟಿಪ್ಪಣಿಗಳ ಬೆನ್ನು ಹತ್ತಿದಾಗ ಗೊತ್ತಾಯಿತು, ಅಲ್ಲಿ ಹೆಸರಿಸಿದ್ದ ಪುಸ್ತಕಗಳೇ ಇಲ್ಲ. ಯುದ್ಧವೂ ನಡೆದಿಲ್ಲ. 1630ರಲ್ಲಿ ಹುಟ್ಟಿದ ಶಿವಾಜಿಗೆ ಆಗ ಹತ್ತು ಹನ್ನೊಂದು ವರ್ಷ. ಸಾಮ್ರಾಜ್ಯ ಎಲ್ಲಿಂದ ಬರಬೇಕು?

ಅಡಿಟಿಪ್ಪಣಿ ಇದ್ದ ಮಾತ್ರಕ್ಕೆ ನಂಬುವಂತಿಲ್ಲ, ಸರಿ. ಇಲ್ಲದ ಮಾತ್ರಕ್ಕೆ ಅಳಿಸುವಂತೆಯೂ ಇಲ್ಲ. ಬದುಕಿರುವ ವ್ಯಕ್ತಿಗಳ ಬಗ್ಗೆ ಅಲ್ಲಿನ ನಿಯಮ ಕಟ್ಟುನಿಟ್ಟು; ಒಂದೂ ಆಕರ ಕೊಡದ ಹೊಸ ಲೇಖನ ಉಳಿಯುವುದಿಲ್ಲ. ಉಳಿದ ವಿಷಯಗಳಿಗೆ ಕೇಳುವ ಪ್ರಶ್ನೆ ಬೇರೆ. ಆಕರ ಈ ಪುಟದಲ್ಲಿ ಇಲ್ಲದಿದ್ದರೂ ಜಗತ್ತಿನಲ್ಲಿ ಎಲ್ಲಾದರೂ ಇದೆಯಾ? ಮೊದಲು ಹುಡುಕಿ, ಆಮೇಲೆ ಅಳಿಸುವ ಮಾತಾಡಿ.

ವಿನ್ಯಾಸ ಶೈಲಿಯ ವಿಷಯಕ್ಕೆ ಬಂದರೆ ತೊಡಕು ಜಾಸ್ತಿ. ಯುದ್ಧ ಒಂದೋ ನಡೆದಿರುತ್ತದೆ, ಇಲ್ಲಾ ನಡೆದಿರುವುದಿಲ್ಲ. ಶೈಲಿ ಹಾಗಲ್ಲ. ಮುಂಬೈಯ ಮಾಟುಂಗದಲ್ಲಿ ಕಿಂಗ್ಸ್ ಸರ್ಕಲ್ ಸುತ್ತ ತಲೆ ಎತ್ತಿಕೊಂಡು ನಡೆಯಿರಿ. ಮೂಲೆಯಲ್ಲಿ ದುಂಡಗೆ ತಿರುಗುವ ಬಾಲ್ಕನಿ. ಕಿಟಕಿಗಳ ಮೇಲೆ ಹುಬ್ಬು ತಿದ್ದಿದ ಹಾಗೆ ಉದ್ದಕ್ಕೆ ಓಡುವ ಸಜ್ಜಾ. ಗೇಟಿನ ಕಬ್ಬಿಣದಲ್ಲಿ ಸೂರ್ಯನ ಕಿರಣ. ಇವೆಲ್ಲ ‘ಆರ್ಟ್ ಡೆಕೊ’ ಎಂಬ, 1930ರ ದಶಕದ ಕಟ್ಟಡ ಶೈಲಿಯ ಗುರುತುಗಳು. ಕೆಳಗೆ ಇಳಿದರೆ ಉಡುಪಿ ಹೋಟೆಲು, ಕಲ್ಲುಹಾಸಿನ ಮೇಜು, ಸ್ಟೀಲ್ ಲೋಟದಲ್ಲಿ ಕಾಫಿ. ಈ ಎರಡನ್ನೂ ಸೇರಿಸಿ ‘ಉಡುಪಿ ಡೆಕೊ’ ಎಂಬ ಶೈಲಿ ಇದೆ ಅಂತ ನಾನೊಂದು ಲೇಖನ ಬರೆದೆ ಅನ್ನಿ. ಹೆಸರು ಸುಮ್ನೆ ಈಗ ನಾನೇ ಕಟ್ಟಿದ್ದು. (ಆ ಮೇಜು ಇರಾನಿ ಹೋಟೆಲಿನವರದು ಎಂದು ಯಾರಾದರೂ ಜಗಳ ತೆಗೆದರೆ ತೆಗೆಯಲಿ.) ಬಾಲ್ಕನಿ ನಿಜ, ಮೇಜು ನಿಜ, ಫೋಟೊಗಳೂ ನಿಜ. ಇವೆಲ್ಲ ಸೇರಿ ಒಂದು ಶೈಲಿ ಎಂಬ ಮಾತು ಮಾತ್ರ ನನ್ನದು. ಅದನ್ನು ಯಾವ ಫೋಟೊವೂ ಸಾಬೀತು ಮಾಡದು. ಬೇರೆ ಯಾರೋ, ನನಗೆ ಸಂಬಂಧವಿಲ್ಲದವರು, ಮೊದಲೇ ಹಾಗೆ ಗುರುತಿಸಿ ಬರೆದಿರಬೇಕು.

ಬರೆದಿದ್ದಾರೋ ಇಲ್ಲವೋ ಎಂದು ಹುಡುಕುತ್ತೀರಿ. ಸಿಗುವುದಿಲ್ಲ. ಅಲ್ಲಿಗೆ ಮುಗಿಯಿತಾ? ಇಲ್ಲಿ ಥಾಮಸ್ ಬೇಯ್ಸ್ ಎಂಬ ಪಾದ್ರಿ ಸಹಾಯಕ್ಕೆ ಬರುತ್ತಾನೆ. ಸಂಭವನೀಯತೆಯ ಬಗ್ಗೆ ಅವನು ಬರೆದ ಪ್ರಬಂಧ ಅವನು ಸತ್ತ ಮೇಲೆ, 1763ರಲ್ಲಿ ಅಚ್ಚಾಯಿತು. ಆ ದಾರಿಯಲ್ಲಿ ಒಂದು ಲೆಕ್ಕ ಹಾಕೋಣ, ಅಂಕಿ ಎಲ್ಲ ಊಹೆಯವು. ಶೈಲಿ ನಿಜವೋ ಸುಳ್ಳೋ ಎಂಬುದು ಮೊದಲಿಗೆ ಸಮಸಮ ಇರಲಿ. ಫೋನಿನಲ್ಲಿ ಎರಡು ನಿಮಿಷ ಹುಡುಕಿದಿರಿ. ನಿಜವಾದ ಶೈಲಿಯ ಕುರುಹು ಹಾಗೆ ಸಿಗುವುದು 10ರಲ್ಲಿ 2 ಸಲ; ಸುಳ್ಳು ಶೈಲಿಯದು ಎಂದೂ ಸಿಗದು ಅನ್ನಿ. ಸಿಗಲಿಲ್ಲ ಎಂದಾದರೆ ಶೈಲಿ ನಿಜವಿರುವ ಸಾಧ್ಯತೆ ಶೇ. 50ರಿಂದ ಶೇ. 44ಕ್ಕೆ ಇಳಿಯುತ್ತದೆ, ಅಷ್ಟೇ. ಬದಲಿಗೆ 10ರಲ್ಲಿ 9 ಸಲ ಸಿಗಬೇಕಾದ ಗ್ರಂಥಾಲಯಗಳಲ್ಲಿ ಜಾಲಾಡಿಯೂ ಸಿಗದಿದ್ದರೆ ಅದು ಸುಮಾರು ಶೇ. 9ಕ್ಕೆ ಕುಸಿಯುತ್ತದೆ. ‘ಸಿಗಲಿಲ್ಲ’ ಎಂಬ ಮಾತಿನ ತೂಕ, ಎಲ್ಲಿ ಹುಡುಕಿದಿರಿ ಎಂಬುದರ ಮೇಲಿದೆ.

ಏನಂತ ಹುಡುಕಿದಿರಿ ಎಂಬುದೂ ಮುಖ್ಯ. ಮುಂಬೈಯಲ್ಲಿ ಆರ್ಟ್ ಡೆಕೊ ಶೈಲಿಯ ಚಿತ್ರಮಂದಿರಗಳಾದ ರೀಗಲ್ 1933ರಲ್ಲಿ, ಇರೋಸ್ 1938ರಲ್ಲಿ ತೆರೆದವು. ಆದರೆ ‘ಆರ್ಟ್ ಡೆಕೊ’ ಎಂಬ ಹೆಸರು ಜನರ ಬಾಯಿಗೆ ಬಂದದ್ದು 1960ರ ದಶಕದ ಕೊನೆಗೆ. 1930ರ ದಶಕದ ಮುಂಬೈ ಪತ್ರಿಕೆಗಳಲ್ಲಿ ಈ ಹೆಸರು ಹುಡುಕಿದರೆ ಏನು ಸಿಕ್ಕೀತು? ಶೈಲಿ ಮಾತ್ರ ಕಣ್ಣೆದುರೇ ಇತ್ತು. 1937ರಲ್ಲಿ ವಾಸ್ತುಶಿಲ್ಪಿಗಳ ಸಂಸ್ಥೆ ಇಲ್ಲಿನ ಟೌನ್ ಹಾಲಿನಲ್ಲಿ ‘ಐಡಿಯಲ್ ಹೋಮ್’ ಪ್ರದರ್ಶನವನ್ನೇ ಮಾಡಿತ್ತು. 2018ರಲ್ಲಿ ಯುನೆಸ್ಕೊ ಇಲ್ಲಿನ ವಿಕ್ಟೋರಿಯನ್ ಗಾಥಿಕ್ ಕಟ್ಟಡಗಳ ಜೊತೆಗೆ ಆರ್ಟ್ ಡೆಕೊ ಕಟ್ಟಡಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಕರ ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ, ಅಂತರ್ಜಾಲದಲ್ಲೇ ಇರಬೇಕೆಂದೂ ಇಲ್ಲ. ಹಳೆಯ ಮರಾಠಿ ದಿನಪತ್ರಿಕೆ, ಮುಂಬೈ ಕನ್ನಡಿಗರ ನಿಯತಕಾಲಿಕ, ಎಲ್ಲವನ್ನೂ ನೋಡಬೇಕು. ಹೋಟೆಲಿನವರೇ ಅಚ್ಚು ಹಾಕಿಸಿದ ಕರಪತ್ರ ಮಾತ್ರ ನಡೆಯದು. ಇನ್ನೊಂದು ಬಲೆ ಇದೆ. ಲೇಖನ ಹುಟ್ಟಿದ ದಿನಾಂಕ ಅದರ ಇತಿಹಾಸದ ಪುಟದಲ್ಲಿರುತ್ತದೆ. ಅದಕ್ಕಿಂತ ಈಚಿನ ಬರಹಗಳಲ್ಲಿ ಅದೇ ವಾಕ್ಯಗಳು ಕಂಡರೆ, ಅವು ಲೇಖನವನ್ನೇ ನೋಡಿ ಬರೆದವು ಎಂದು ಶಂಕಿಸಬೇಕು. ಅವನ್ನು ತಂದು ಲೇಖನಕ್ಕೇ ಆಕರವಾಗಿ ಕೊಟ್ಟರೆ ಸುಳ್ಳು ತನಗೆ ತಾನೇ ಸಾಕ್ಷಿ ಹೇಳಿದಂತೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನ ಅಳಿಸಬೇಕೇ ಎಂಬ ಚರ್ಚೆ ಸಾಮಾನ್ಯವಾಗಿ 7 ದಿನ ನಡೆಯುತ್ತದೆ. ತಲೆ ಎಣಿಸುವುದಿಲ್ಲ, ವಾದ ನೋಡುತ್ತಾರೆ. ಅರೆಬರೆ ಆಕರ ಸಿಕ್ಕರೆ ಎರಡು ಸಾಲನ್ನು ಮುಂಬೈ ಆರ್ಟ್ ಡೆಕೊದಂಥ ದೊಡ್ಡ ಲೇಖನಕ್ಕೆ ಸೇರಿಸಬಹುದು. ನನಗೆ ಆ ದಾರಿಯೇ ಇಷ್ಟ. ಏನೂ ಸಿಗದಿದ್ದರೆ? ಅಳಿಸಿದ ಪಠ್ಯ ಸಾಮಾನ್ಯವಾಗಿ ಸರ್ವರಿನಲ್ಲೇ ಉಳಿದಿರುತ್ತದೆ, ನಿರ್ವಾಹಕರು ವಾಪಸ್ ತರಬಹುದು. ಸುಳ್ಳನ್ನು ಉಳಿಸಿಕೊಂಡರೆ ಅದು ನೂರು ಕಡೆ ನಕಲಾಗಿ ಹೋಗಿರುತ್ತದೆ, ಯಾರೂ ಹಿಂದಕ್ಕೆ ಕರೆಯಲಾರರು. ಅದಕ್ಕೇ, ಹುಡುಕಬೇಕಾದ ಕಡೆಯೆಲ್ಲ ಹುಡುಕಿದ ಮೇಲೆ, ‘ಉಡುಪಿ ಡೆಕೊ’ಗೆ ನನ್ನ ಮತ ಅಳಿಸುವ ಕಡೆಗೇ. ನಾಳೆ ಯಾರಾದರೂ ಹಳೆಯ ಮರಾಠಿ ಪತ್ರಿಕೆಯ ಒಂದು ಒಳ್ಳೆಯ ಲೇಖನ ಹಿಡಿದು ಬಂದರೆ, ನಿರ್ವಾಹಕರಿಗೆ ಒಂದು ಮನವಿ ಹಾಕಲಿ.