ಊತ ಕಾಣುವವರೆಗೂ ಕಾಯಿಸಬೇಡಿ

ಹಿಮೋಫೀಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರನ್ನು ಕೆಲಸಕ್ಕೆ ತೆಗೆದುಕೊಂಡವರು ನನ್ನ ಹತ್ತಿರ ಮೊದಲು ಮಾತಾಡುವುದೇ ಕತ್ತರಿ, ಬ್ಲೇಡು, ಸ್ಟೇಪ್ಲರ್ ಬಗ್ಗೆ. "ಡಾಕ್ಟ್ರೇ, ಅವನ ಟೇಬಲ್ ಮೇಲಿಂದ ಎಲ್ಲಾ ತೆಗೆಸಿಬಿಟ್ಟಿದ್ದೀವಿ" ಅನ್ನುತ್ತಾರೆ. ಕಾಳಜಿ ಇದೆ, ಸಂತೋಷ. ಆದರೆ ಬೆರಳು ಸ್ವಲ್ಪ ಕೊಯ್ದರೆ ಒತ್ತಿ ಹಿಡಿದು ಪಟ್ಟಿ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಭಯಪಡಬೇಕಾದ್ದು ಕೀಲಿನೊಳಗಿನ ರಕ್ತಕ್ಕೆ. ಮಂಡಿ, ಮೊಣಕೈ, ಪಾದದ ಕೀಲು. ಕಾಯಿಲೆ ತೀವ್ರವಾಗಿದ್ದರೆ ಪೆಟ್ಟು ಬೀಳದೆಯೂ ಅಲ್ಲಿ ರಕ್ತ ಒಸರುತ್ತದೆ. ಶುರುವಿನಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಜುಮ್ ಅನ್ನುತ್ತದೆ, ಬಿಸಿ ಅನ್ನಿಸುತ್ತದೆ, ಬಿಗಿಯುತ್ತದೆ. ಅದು ಅವನೊಬ್ಬನಿಗೇ ಗೊತ್ತಾಗುವುದು, ಮತ್ತು ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಅಂಶ) ಇಂಜೆಕ್ಷನ್ ಹೋಗಬೇಕಾದ್ದೂ ಆಗಲೇ, ಸಾಧ್ಯವಾದರೆ 2 ಗಂಟೆಯೊಳಗೆ.

ನನ್ನ ಪೇಷಂಟ್ ಒಬ್ಬ ಗೋಡೌನ್‌ನಲ್ಲಿ ಸ್ಟಾಕ್ ನೋಡಿಕೊಳ್ಳುತ್ತಾನೆ. ಬೆಳಗ್ಗೆಯೇ ಮಂಡಿ ಜುಮ್ ಅಂದಿದೆ, ಹೋಗಿ ಹೇಳಿದ್ದಾನೆ. ಸೂಪರ್‌ವೈಸರ್ ಪ್ಯಾಂಟ್ ಮೇಲೆತ್ತಿಸಿ ಎರಡೂ ಮಂಡಿ ನೋಡಿ, "ಎರಡೂ ಒಂದೇ ಥರ ಇದೆಯಲ್ಲಪ್ಪ, ಸಂಜೆ ಹೋಗು" ಅಂದರಂತೆ. ಸಂಜೆಗೆ ಕಾಲು ಮಡಚುವುದಕ್ಕೇ ಆಗುತ್ತಿರಲಿಲ್ಲ. ಬೆಳಗ್ಗೆ ಒಂದೆರಡು ಗಂಟೆ ಬಿಟ್ಟಿದ್ದರೆ ಆಗುತ್ತಿತ್ತು, ಈಗ ವಾರಗಟ್ಟಲೆ ರಜೆ. ಅದೂ ಹೋಗಲಿ, ಒಂದೇ ಕೀಲಿಗೆ ಪದೇ ಪದೇ ರಕ್ತ ಇಳಿದರೆ ಕೀಲೇ ಸವೆದು ಹಾಳಾಗುತ್ತದೆ. ಆಮೇಲೆ ಯಾವ ಇಂಜೆಕ್ಷನ್ನೂ ಅದನ್ನು ಮೊದಲಿನಂತೆ ಮಾಡುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುವುದು: ಅವನು ಹೇಳಿದ ತಕ್ಷಣ ನಂಬಿ, ಹೋಗಲು ಬಿಡಿ. ಊತ ತೋರಿಸು ಅನ್ನಬೇಡಿ. ಊತ ಬಂತು ಅಂದರೆ ಆಗಲೇ ತಡವಾಗಿದೆ.

ಎಷ್ಟೋ ಜನ ಇಂಜೆಕ್ಷನ್ ತಾವೇ ಚುಚ್ಚಿಕೊಳ್ಳುತ್ತಾರೆ. ಔಷಧಿಗೆ ಫ್ರಿಜ್‌ನಲ್ಲಿ ಸ್ವಲ್ಪ ಜಾಗ (ಫ್ರೀಜರ್ ಬೇಡ), ಬಾಗಿಲು ಹಾಕಿಕೊಳ್ಳುವ ಒಂದು ಶುಚಿಯಾದ ಕೋಣೆ ಕೊಡಿ. ಟಾಯ್ಲೆಟ್ ತೋರಿಸಬೇಡಿ, ದಯವಿಟ್ಟು. ದಿನವಿಡೀ ನಿಂತು ಮಾಡುವ ಕೆಲಸವಾದರೆ ಕುರ್ಚಿ ಹಾಕಿಸಿ. ತಲೆಗೆ ಪೆಟ್ಟು ಬಿದ್ದರೆ ಮಾತ್ರ, ಚೆನ್ನಾಗೇ ಇದ್ದೀನಿ ಅಂದರೂ ಕೇಳಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಫಸ್ಟ್ ಏಡ್ ಡಬ್ಬದಲ್ಲಿರುವ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಉಳಿದದ್ದು ಒಬ್ಬೊಬ್ಬರಿಗೆ ಒಂದೊಂದು ಥರ, ಅವರ ಡಾಕ್ಟರ್ ಹತ್ತಿರ ಬರೆಸಿಕೊಳ್ಳುವುದು ಒಳ್ಳೆಯದು.

ಹೆಂಗಸರಿಗೂ ಈ ತೊಂದರೆಗಳು ಇರುತ್ತವೆ, ಅಲ್ವಾ? ವಾನ್ ವಿಲ್ಲಿಬ್ರಾಂಡ್ ಕಾಯಿಲೆ (ಇದರಲ್ಲೂ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ) ಇದ್ದರೆ ಮುಟ್ಟಿನ ದಿನಗಳಲ್ಲಿ ರಕ್ತಸ್ರಾವ ತುಂಬಾ ಜಾಸ್ತಿ ಆಗಬಹುದು. ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಸಹಿಸಿಕೊಳ್ಳುತ್ತಾರೆ. ಮೀಟಿಂಗ್ ಮಧ್ಯೆ ಎದ್ದು ಹೋಗುವುದಕ್ಕೆ ಅವರು ಯಾರ ಪರ್ಮಿಶನ್ನೂ ಕೇಳುವ ಹಾಗಿರಬಾರದು.