ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ: ತೊಂದರೆ ಕಿವಿಯದೋ, ಮಿದುಳಿನದೋ?

ಪ್ರಶ್ನೆ: ನನಗೀಗ 62 ವರ್ಷ. ಎದುರಿಗೆ ಒಬ್ಬರೇ ಇದ್ದರೆ ಮಾತು ಸರಿಯಾಗಿ ತಿಳಿಯುತ್ತದೆ. ನಾಲ್ಕು ಜನ ಸೇರಿದ ಕಡೆ ಸದ್ದೆಲ್ಲ ಕಿವಿಗೆ ಬೀಳುತ್ತದೆ, ಯಾರು ಏನಂದರೆಂದು ಗೊತ್ತಾಗುವುದಿಲ್ಲ. ಕಿವಿ ಪರೀಕ್ಷೆಯಲ್ಲಿ ‘ವಯಸ್ಸಿಗೆ ತಕ್ಕ ಹಾಗಿದೆ’ ಅಂದರು. ಹಾಗಾದರೆ ನನ್ನ ಬುದ್ಧಿ ಮಂದವಾಗುತ್ತಿದೆಯೇ?

ಉತ್ತರ: ಇಷ್ಟಕ್ಕೇ ಆ ಭಯ ಬೇಡ. ವಯಸ್ಸಾದಂತೆ ಕಿವಿ ಬಿಟ್ಟುಬಿಟ್ಟದ್ದನ್ನು ಮಿದುಳು ತುಂಬಿಕೊಡುತ್ತಾ ಹೋಗುತ್ತದೆ. ಗದ್ದಲದಲ್ಲಿ ಅದಕ್ಕೆ ಕೆಲಸ ವಿಪರೀತವಾಗುತ್ತದೆ, ಅಷ್ಟೇ.

ವಯಸ್ಸಿನಿಂದ ಮೊದಲು ಕುಗ್ಗುವುದು ಕೀರಲು ಸದ್ದುಗಳನ್ನು, ಅಂದರೆ ಹೆಚ್ಚು ಕಂಪನಾಂಕದ ಸದ್ದುಗಳನ್ನು ಕೇಳುವ ಶಕ್ತಿ. ಮಾತಿನ ಜೋರೆಲ್ಲ ಇರುವುದು ಸ್ವರಗಳಲ್ಲಿ. ಅವುಗಳ ಕಂಪನಾಂಕ ಕಡಿಮೆ, ಹಾಗಾಗಿ ‘ಕೇಳಿಸುತ್ತಿದೆ’ ಅನ್ನಿಸುತ್ತದೆ. ಆದರೆ ಸ, ಶ, ತ ಮುಂತಾದ ವ್ಯಂಜನಗಳ ಗುರುತು ಬಹುಪಾಲು 2000 ಹರ್ಟ್ಸ್‌ಗಿಂತ (ಸೆಕೆಂಡಿಗೆ 2000 ಕಂಪನ) ಮೇಲಿದೆ. ‘ಕಟ್ಟಿದ’, ‘ತಟ್ಟಿದ’ ಹೇಳಿ ನೋಡಿ. ಮೊದಲ ಒಂದು ಕ್ಷಣದ ಸದ್ದು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಅದು ತಪ್ಪಿದರೆ ಪದವೇ ತಪ್ಪಿತು.

ಆಗ ಮಿದುಳು ಹಿಂದುಮುಂದು ನೋಡುತ್ತದೆ. ‘ಬಾಗಿಲು’ ಎಂದು ಕೇಳಿದ್ದರೆ ಮುಂದಿನದು ‘ತಟ್ಟಿದ’ ಎಂದೇ ಹಿಡಿಯುತ್ತದೆ. ಈ ಊಹೆಯಲ್ಲಿ ಹಿರಿಯರು ಗಟ್ಟಿಗರು, ಏಕೆಂದರೆ ಪದಸಂಪತ್ತು ವಯಸ್ಸಾದರೂ ಚೆನ್ನಾಗಿಯೇ ಉಳಿಯುತ್ತದೆ. ಕಷ್ಟ ಬರುವುದು ಇನ್ನೊಂದು ಕಡೆ. ಹಿಂದಿನ ಪದವನ್ನು ಊಹಿಸುತ್ತಲೇ ಮುಂದಿನದನ್ನು ನೆನಪಲ್ಲಿ ಹಿಡಿದಿಡಬೇಕು, ಪಕ್ಕದವರ ಮಾತನ್ನು ಬದಿಗೊತ್ತಬೇಕು. ಇದಕ್ಕೆ ಬೇಕಾದ ವೇಗ ಮತ್ತು ತಾತ್ಕಾಲಿಕ ನೆನಪು ವಯಸ್ಸಾದಂತೆ ನಿಧಾನವಾಗಿ ಇಳಿಯುತ್ತವೆ. ಮದುವೆ ಮನೆಯಂಥ ಕಡೆಯಿಂದ ಬಂದ ಮೇಲೆ ಆಗುವ ಸುಸ್ತಿಗೆ ಇದೂ ಒಂದು ಕಾರಣ. ‘ಗಮನ ಕೊಡುವುದಿಲ್ಲ’ ಎಂದು ಇಂಥವರನ್ನು ದೂರುವುದು ಅನ್ಯಾಯ. ಅವರು ಉಳಿದವರಿಗಿಂತ ಹೆಚ್ಚೇ ಗಮನ ಕೊಡುತ್ತಿರುತ್ತಾರೆ.

ಸಾಮಾನ್ಯ ಕಿವಿ ಪರೀಕ್ಷೆ ನಡೆಯುವುದು ನಿಶ್ಶಬ್ದ ಕೋಣೆಯಲ್ಲಿ, ಬೀಪ್ ಸದ್ದುಗಳಿಂದ. ಗದ್ದಲದ ನಡುವೆ ಮಾತು ಎಷ್ಟು ತಿಳಿಯುತ್ತದೆ ಎಂಬುದನ್ನು ಅದು ಅಳೆಯುವುದೇ ಇಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ, ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಬಳಿ ಕೇಳಿ ಮಾಡಿಸಿಕೊಳ್ಳಿ. ಶ್ರವಣ ಸಾಧನ ಬೇಕೆಂದರೆ ಮುಂದೂಡಬೇಡಿ. ಅಮೆರಿಕದಲ್ಲಿ ಹಿರಿಯರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಚೀವ್ ಅಧ್ಯಯನದಲ್ಲಿ, ಶ್ರವಣ ಚಿಕಿತ್ಸೆಯಿಂದ 3 ವರ್ಷಗಳಲ್ಲಿ ಎಲ್ಲರ ಬುದ್ಧಿಶಕ್ತಿಯ ಇಳಿಕೆಯೇನೂ ತಗ್ಗಲಿಲ್ಲ. ಬುದ್ಧಿಶಕ್ತಿ ಕುಗ್ಗುವ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಆ ಇಳಿಕೆ 48% ನಿಧಾನವಾಯಿತು. ಸದ್ದಿಲ್ಲದ ಕಡೆಯೂ ಮಾತು ತಿಳಿಯದಿದ್ದರೆ, ಮರೆವು ಹೆಚ್ಚುತ್ತಿದ್ದರೆ ವೈದ್ಯರನ್ನು ಕಾಣಿ.

ಮನೆಯವರಿಗೂ ಒಂದು ಮಾತು: ಕಿರುಚಬೇಡಿ, ಕಿರುಚಿದರೆ ಸ್ವರಗಳೇ ಜೋರಾಗುತ್ತವೆ. ಟಿವಿ ಆರಿಸಿ, ತುಟಿ ಕಾಣುವಂತೆ ಎದುರು ಕೂತು, ಸ್ವಲ್ಪ ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದನ್ನೇ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ.